ಮರಗಳ ಲೆಕ್ಕದ ದಿನ

ಇಸಾವೊನಿಗೆ ಅರವತ್ತಾರು ಮುಗಿದಿತ್ತು. ಮೈಯನ್ನು ಕೇಳಿದರೆ ಅದು ಇನ್ನೊಂದು ಹತ್ತು ಸೇರಿಸಿ ಹೇಳುತ್ತಿತ್ತು. ಬೆಳಿಗ್ಗೆ ಏಳುವಾಗ ಮೊದಲು ಎಡಮಂಡಿಗೆ ಸಮಾಧಾನ ಹೇಳಬೇಕು, ಆಮೇಲೆ ಸೊಂಟವನ್ನು ಒಲಿಸಿಕೊಳ್ಳಬೇಕು. ಬಲಭುಜವಂತೂ ಯಾರ ಮಾತಿಗೂ ಬಗ್ಗದೆ ತನ್ನ ಪಾಡಿಗೆ ತಾನು ನೋಯುತ್ತಿತ್ತು. ವಸಂತದಲ್ಲಿ ಹಿಮ ಕರಗಿದ್ದೇ ತಡ ಮರ ಹತ್ತಿದ ಗಂಡಸು ಮತ್ತೆ ಹಿಮ ಬಿದ್ದರೂ ಇಳಿದಿಲ್ಲ ಎಂದು ಅವನ ಹೆಂಡತಿ ಹತ್ಸುಯೆ ಊರಿನವರ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಅವನಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಊರಿನ ಹಿಂದಿನ ಬೆಟ್ಟದ ಕಾಡನ್ನು ಸರ್ಕಾರದವರು ಉದ್ಯಾನ ಮಾಡಿದ್ದರು. ಪಟ್ಟಣದಿಂದ ಬರುವವರು ಮರಗಳ ನೆತ್ತಿಯ ಮಟ್ಟದಲ್ಲಿ ನಡೆದಾಡಿ, ಫೋಟೊ ತೆಗೆದುಕೊಂಡು, ಕೆಳಗಿಳಿದು ಒಂದು ಬಟ್ಟಲು ಸೋಬಾ ಶಾವಿಗೆ ತಿಂದು ಹೋಗಲಿ ಎಂದು ಮರದಿಂದ ಮರಕ್ಕೆ ತೂಗುಸೇತುವೆ ಹಾಕಿಸುತ್ತಿದ್ದರು. ಸಾಮಾನು ಹೊರುವವರು ಬಂದು ಹೋಗುತ್ತಿದ್ದರು. ಹಗ್ಗ ಹಿಡಿದು ಮೇಲೆ ಹತ್ತುವವರು ಮಾತ್ರ ಮೂವರೇ. ಮೇಸ್ತ್ರಿ ಇಸಾವೊ. ಅವನ ಜೊತೆಯಲ್ಲೇ ಕೂದಲು ನರೆಸಿಕೊಂಡ ನೊಬು. ಅವನ ಬಾಯಿಗೆ ಬೀಗವೇ ಇರಲಿಲ್ಲ. ಇನ್ನೊಬ್ಬ ನಲವತ್ತರ ಆಸುಪಾಸಿನ ಸೆಯಿಗೊ. ನೊಬು ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದುದರಿಂದ ಸೆಯಿಗೊ ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ.

ಬೇಸಿಗೆಯಲ್ಲಿ ಬೆವರು ಕಣ್ಣಿಗಿಳಿಯುತ್ತಿತ್ತು, ಮಳೆಯಲ್ಲಿ ಜಿಗಣೆಗಳು ಕಾಲುಚೀಲದೊಳಗೆ ಸೇರುತ್ತಿದ್ದವು, ಈಗ ಚಳಿಗೆ ಉಕ್ಕಿನ ಹಗ್ಗ ಮುಟ್ಟಿದರೆ ಕೈಗವಸಿನ ಒಳಗೂ ಬೆರಳು ಸೆಟೆದುಕೊಳ್ಳುತ್ತಿತ್ತು. ಮೂವರಿಗೂ ಸಾಕುಸಾಕಾಗಿತ್ತು. ಇನ್ನು ಉಳಿದಿದ್ದುದು ನಡುವಿನ ಎರಡು ಸೇತುವೆಗಳಿಗೆ ಹಲಗೆ ಹೊದಿಸುವುದು ಮಾತ್ರ. ಹಿಮ ದಾರಿ ಮುಚ್ಚುವ ಮೊದಲು ಅದು ಮುಗಿದರೆ ಮೇ ತಿಂಗಳಲ್ಲಿ ಉದ್ಘಾಟನೆ. ಇಸಾವೊನಿಗೆ ಇದೇ ಕೊನೆಯ ಕೆಲಸ. ಇಷ್ಟು ವಯಸ್ಸಾದವರನ್ನು ಇನ್ನು ಮುಂದೆ ಎತ್ತರಕ್ಕೆ ಹತ್ತಿಸುವುದಿಲ್ಲವೆಂದು ಕಂಪನಿಯವರು ನಯವಾಗಿಯೇ ತಿಳಿಸಿದ್ದರು. ಮುಗಿಸಿ, ಒಳ್ಳೆಯ ಹೆಸರು ಇಟ್ಟುಕೊಂಡು, ಕೌದಿ ಹೊದಿಸಿದ ಕಾವಿನ ಮೇಜಿನ ಕೆಳಗೆ ಕಾಲು ಚಾಚಿ ಮಲಗಿಬಿಡಬೇಕೆಂಬುದೊಂದೇ ಅವನ ಆಸೆ.

ಆ ಆಸೆಗೆ ಅಡ್ಡ ನಿಂತಿದ್ದುದು ಒಂದು ತೋಚಿ ಮರ.

ಸೇತುವೆ ತಿರುವು ತೆಗೆದುಕೊಳ್ಳುವ ಜಾಗದಲ್ಲಿ, ಎರಡೂ ಕಡೆಯ ಭಾರ ಬೀಳುವಲ್ಲಿ, ಆ ಮರವಿತ್ತು. ಮೂವರು ಕೈ ಹಿಡಿದು ತಬ್ಬಿದರೂ ಸುತ್ತು ಮುಗಿಯದಷ್ಟು ದಪ್ಪ. ಕಾಡು ಸರ್ಕಾರದ ಪಾಲಾಗುವ ಮೊದಲು ಅದು ಹತ್ಸುಯೆಯ ತವರಿನವರ ಮರ. ಅವಳ ಅಜ್ಜಿ, ಅವಳಮ್ಮ, ಅವಳು, ಮೂರು ತಲೆಮಾರಿನ ಹೆಂಗಸರು ಅದರ ಬುಡದಲ್ಲಿ ಬಗ್ಗಿ ಕಾಯಿ ಆಯ್ದವರು. ಕಹಿ ಬಿಡಲೆಂದು ಆ ಕಾಯನ್ನು ದಿನಗಟ್ಟಲೆ ನೀರಿನಲ್ಲಿ ನೆನೆಸಿ, ಬೂದಿಯಲ್ಲಿ ಹೂತಿಟ್ಟು, ಅಂಟಕ್ಕಿಯ ಅನ್ನದೊಂದಿಗೆ ಕುಟ್ಟಿ ಮೋಚಿ ಎಂಬ ಕಡುಬು ಮಾಡಿದವರು. ಹತ್ಸುಯೆ ಒಮ್ಮೆ ಸೊಂಟ ನೀವಿಕೊಳ್ಳುತ್ತಾ, ಈ ಮರದ ಬುಡ ನೋಡೀ ನೋಡೀ ನನ್ನ ಸೊಂಟ ಹೋಯಿತು, ತಲೆ ಹೇಗಿದೆಯೋ ಒಂದು ಸಲವೂ ನೋಡಲಿಲ್ಲ ಎಂದಿದ್ದಳು. ಅಷ್ಟೇ ಸಾಕಾಗಿತ್ತು ಇಸಾವೊನಿಗೆ. ನಕ್ಷೆ ಮಾಡಿದ ಎಂಜಿನಿಯರ್ ಕುರೋದಾ ಎಂಬ ಹೆಂಗಸು ಎರಡು ದಾರಿ ತೋರಿಸಿದ್ದಳು, ಒಂದು ತೋಚಿಯ ಮೇಲಿಂದ, ಇನ್ನೊಂದು ಸ್ವಲ್ಪ ಕೆಳಗಿನ ಬುನಾ ಮರಗಳ ಮೇಲಿಂದ. ಬುಡವನ್ನು ಮರದ ವೈದ್ಯರು ಯಂತ್ರ ಹಿಡಿದು ಪರೀಕ್ಷಿಸಿ ಗಟ್ಟಿಯಿದೆ ಎಂದಿದ್ದರು; ಮೇಲಿನದು ಹತ್ತುವವರಿಗೇ ಗೊತ್ತು, ಮೇಸ್ತ್ರಿಗಳು ಹೇಳಿದಂತಾಗಲಿ ಎಂದು ಅವಳು ಬಿಟ್ಟುಕೊಟ್ಟಿದ್ದಳು. ವಸಂತದಲ್ಲೇ ಇಸಾವೊ ತೋಚಿ ಎಂದ. ಅಂದು ಸಂಜೆ ಮನೆಗೆ ಬಂದವನೇ, ಬರುವ ವರ್ಷ ಮೇ ತಿಂಗಳಲ್ಲಿ ನಿನ್ನನ್ನು ನಿನ್ನ ಮರದ ತಲೆಯ ಮೇಲೆ ನಿಲ್ಲಿಸುತ್ತೇನೆ ಎಂದು ಹೆಂಡತಿಗೆ ಹೇಳಿದ. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿ, ಆಮೇಲೆ ನಕ್ಕಿದ್ದಳು.

ಮರಕ್ಕೆ ಸೇತುವೆಯ ಹಗ್ಗ ಹಿಡಿಯುವ ಉಕ್ಕಿನ ಪಟ್ಟಿ ಬಿಗಿಯುವ ಮೊದಲು ಅದನ್ನು ಬಡಿದು ನೋಡುವುದು ಇವರ ಪದ್ಧತಿ. ಮೇಸ್ತ್ರಿ ಕೊಡತಿಯಿಂದ ಬಡಿದು, ಜಾಗಕ್ಕೆ ಬೆರಳು ತೋರಿಸಿ "ಸರಿ" ಎನ್ನಬೇಕು. ಎರಡನೆಯವನು ಅದೇ ಜಾಗಕ್ಕೆ ಬೆರಳು ತೋರಿಸಿ "ಸರಿ" ಎನ್ನಬೇಕು. ಆಮೇಲೆ ಮೂರನೆಯವನು. ಮೂರು ಬಾಯಿಂದ ಸರಿ ಬಂದ ಮೇಲೆಯೇ ಕೆಲಸ ಮುಂದಕ್ಕೆ. ಹೀಗೆ ಮಾಡಿದರೆ ಒಬ್ಬನ ಕಿವಿ ತಪ್ಪಿದರೂ ಇನ್ನೊಬ್ಬನ ಕಿವಿ ಹಿಡಿಯುತ್ತದೆಂದು ಪದ್ಧತಿ ಹುಟ್ಟಿದ್ದು. ಆದರೆ ಮೇಸ್ತ್ರಿ ಸರಿ ಎಂದ ಮೇಲೆ ಅಲ್ಲವೆನ್ನುವ ಬಾಯಿ ಆ ಬೆಟ್ಟದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಸೆಪ್ಟೆಂಬರಿನಲ್ಲಿ ತೋಚಿಯ ಕವಲಿನ ಕೆಳಗೆ, ಪಟ್ಟಿ ಕೂರಬೇಕಾದ ಜಾಗಕ್ಕೆ ಇಸಾವೊ ಬಡಿದಾಗ ಸದ್ದು ಕೈಗೆ ಬರಲಿಲ್ಲ. ಒಳ್ಳೆಯ ಮರದಲ್ಲಿ ಏಟು ಮೊಣಕೈವರೆಗೆ ತಿರುಗಿ ಬರುತ್ತದೆ. ಇದು ಎಲ್ಲೋ ಒಳಗೆ ಹೋಗಿ ಕೂತುಬಿಟ್ಟಿತು. ಅವನಿಗೆ ಹತ್ಸುಯೆಯ ಸೊಂಟ ನೆನಪಾಯಿತು, ಮನೆಯಲ್ಲಿ ಕೊಟ್ಟ ಮಾತು ನೆನಪಾಯಿತು. ಬೆರಳು ತೋರಿಸಿ "ಸರಿ" ಎಂದ. ನೊಬು ಅರೆಗಳಿಗೆ ತಡೆದು "ಸರಿ" ಎಂದ. ಸೆಯಿಗೊ ಕೂಡ, ಮರವನ್ನು ನೋಡದೆ ತನ್ನ ಬೆರಳನ್ನೇ ನೋಡುತ್ತಾ, "ಸರಿ" ಎಂದ. ಅಂದಿನಿಂದ ಇಸಾವೊನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಡಿಸೆಂಬರ್ ಹನ್ನೆರಡು ಬಂತು. ಬೆಟ್ಟದ ದೇವಿ ತನ್ನ ಮರಗಳನ್ನು ಎಣಿಸುವ ದಿನ ಅದು. ಅಂದು ಕಾಡಿನಲ್ಲಿ ಯಾರಿದ್ದರೂ ಅವಳು ಅವರನ್ನೂ ಮರವೆಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತಾಳೆ, ಸೇರಿದವನು ಮನೆಗೆ ಬರುವುದಿಲ್ಲ. ನಂಬುತ್ತೀರಾ ಎಂದು ಕೇಳಿದರೆ ಆ ಕಡೆಯ ಗಂಡಸರು ನಗುತ್ತಾರೆ. ಹಾಗಾದರೆ ಇವತ್ತು ಕಾಡಿಗೆ ಹೋಗಿ ಬನ್ನಿ ಎಂದರೆ ನಗು ನಿಲ್ಲುತ್ತದೆ. ಎಲ್ಲರೂ ಮನೆಯಲ್ಲೇ ಉಳಿದು, ದೇವಿಯ ಮುಂದೆ ಮೋಚಿ ಇಟ್ಟು, ಅಕ್ಕಿಯ ಹೆಂಡ ಸಾಕೆ ಸುರಿದು, ಒಣಗಿಸಿದ ಒಂದು ವಿಕಾರ ಮೋರೆಯ ಮೀನನ್ನು ತೋರಿಸುತ್ತಾರೆ. ದೇವಿಗೆ ತನ್ನ ರೂಪದ ಬಗ್ಗೆ ಕೊರಗಂತೆ. ತನಗಿಂತ ಕುರೂಪಿಯಾದ ಮೀನನ್ನು ಕಂಡರೆ ಅವಳ ಸಿಟ್ಟು ಇಳಿಯುತ್ತದಂತೆ. ಆ ಮೀನು ಇಡುವ ಖರ್ಚೇಕೆ, ನೊಬುವಿನ ಫೋಟೊ ಇಟ್ಟರೆ ಸಾಲದೇ ಎಂದು ಹತ್ಸುಯೆ ಪ್ರತಿವರ್ಷ ಕೇಳುತ್ತಿದ್ದಳು.

ಇಸಾವೊ ಬೇರೆಯೇ ಲೆಕ್ಕ ಹಾಕಿದ್ದ. ಅಂದು ಕಾಡಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ. ನಾಳೆ ನಡುವಿನ ಸೇತುವೆಗೆ ಹಲಗೆ ಹೊದಿಸಲು ಶುರು. ಆಮೇಲೆ ಭಾರವೆಲ್ಲ ತೋಚಿಯ ಮೇಲೆ. ಬೈರಿಗೆ ಹಾಕಿ ಒಳಗೆ ಕೊರೆದು ನೋಡುವುದಿದ್ದರೆ ಇವತ್ತೇ ನೋಡಬೇಕು. ಜೊತೆಯವರ ಕಣ್ಣೆದುರು ಬೈರಿಗೆ ಎತ್ತಿದರೆ ತನ್ನ "ಸರಿ"ಯ ಮೇಲೆ ತನಗೇ ನಂಬಿಕೆಯಿಲ್ಲವೆಂದು ಸಾರಿದಂತೆ. ದೇವಿ ನೋಡಿದರೆ ನೋಡಲಿ, ನೊಬು ನೋಡಬಾರದು.

ನೊಬುವಿನ ಮನೆಗೆ ಕುಡಿಯಲು ಹೋಗುತ್ತೇನೆಂದು ಅವನು ಹೆಂಡತಿಗೆ ಹೇಳಿದ. ಅವಳು ಏನೂ ಕೇಳದೆ ಅಡುಗೆಮನೆಗೆ ಹೋಗಿ, ಬಿಸಿ ಅನ್ನವನ್ನು ಉಂಡೆ ಕಟ್ಟಿ ಬಟ್ಟೆಯಲ್ಲಿ ಗಂಟು ಹಾಕಿ ತಂದುಕೊಟ್ಟಳು. ಗಂಟು ಭಾರವಾಗಿತ್ತು.

"ಕುಡಿಯಕ್ ಹೋಗೋನಿಗೆ ಬುತ್ತಿ ಯಾಕೇ?" ಎಂದ ಇಸಾವೊ.

"ಬರೀ ಹೊಟ್ಟೇಲಿ ಕುಡೀಬೇಡಿ ಅಂತ," ಎಂದಳು ಅವಳು. "ಮೇಲುಗಡೆ ಚಳಿ ಜಾಸ್ತಿ."

ನೊಬುವಿನ ಮನೆ ಇದ್ದುದು ಕೆಳಗಿನ ಬೀದಿಯಲ್ಲಿ. ಆ ಮಾತು ಇಸಾವೊನ ತಲೆಗೆ ಹೊಳೆದದ್ದು ಕಾಡಿನ ದಾರಿಯಲ್ಲಿ ಅರ್ಧ ನಡೆದ ಮೇಲೆ. ಯೋಚಿಸುವ ಶಕ್ತಿಯೂ ಇಲ್ಲದೆ ನಡೆದ. ನಿನ್ನೆಯ ಹೆಜ್ಜೆಗಳು ಹಿಮದಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದವು. ಅವುಗಳ ಮೇಲೆ ಇನ್ನೊಬ್ಬರು ಹಾದುಹೋಗಿದ್ದರೂ ಗುರುತು ಸಿಗುವಂತಿರಲಿಲ್ಲ.

ಒಬ್ಬನೇ ಎಂದೂ ಹತ್ತಬಾರದೆಂದು ಎಷ್ಟೋ ಜನಕ್ಕೆ ಪಾಠ ಹೇಳಿದವನು ಒಬ್ಬನೇ ಹತ್ತಿದ. ಹಗ್ಗದ ಕೊಕ್ಕೆ ಮೇಲಕ್ಕೆ ದೂಡಿ, ಅದರಲ್ಲಿ ಕಾಲಿಟ್ಟು ನಿಂತು, ಮತ್ತೆ ದೂಡಿ. ವಯಸ್ಸಿನಲ್ಲಿದ್ದಾಗ ಹಾಡು ಹೇಳಿಕೊಂಡು ಹತ್ತುತ್ತಿದ್ದ ಮನುಷ್ಯ ಈಗ ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡ. ಕವಲಿನ ಕೆಳಗೆ, ಪಟ್ಟಿಯ ಪಕ್ಕದಲ್ಲಿ ಸೊಂಟದ ಹಗ್ಗಕ್ಕೆ ಜೋತುಬಿದ್ದು ಬೈರಿಗೆ ಇಟ್ಟು ತಿರುಗಿಸತೊಡಗಿದ. ಮೊದಲು ತೊಗಟೆ, ಆಮೇಲೆ ಬಿಳಿ ಮರ. ಬಿಗಿಯಾಗಿತ್ತು, ಭುಜ ನೋಯುವಷ್ಟು ಬಿಗಿಯಾಗಿತ್ತು. ಆ ನೋವಿನಲ್ಲೂ ಅವನಿಗೆ ಸಂತೋಷವಾಯಿತು. ಸುಮ್ಮನೆ ಹೆದರಿದೆ ಎಂದುಕೊಂಡ. ಅಷ್ಟರಲ್ಲಿ ಬೈರಿಗೆ ತಾನಾಗಿಯೇ ಒಳಕ್ಕೆ ಜಾರಿ ಹಿಡಿಯವರೆಗೂ ಹೋಯಿತು. ಹೊರಗೆ ಎಳೆದಾಗ ತುದಿಯಲ್ಲಿ ಕಂದು ಪುಡಿ ಅಂಟಿತ್ತು. ಮೂಸಿದ. ಹಳೆಯ ಅಣಬೆಯ ವಾಸನೆ.

ಮರ ಟೊಳ್ಳು. ಎಷ್ಟು ಟೊಳ್ಳೆಂದು ತಿಳಿಯಲು ಇನ್ನೊಂದು ಕಡೆ ಕೊರೆದ. ಅಲ್ಲೂ ಅದೇ.

ಅವನು ಹಗ್ಗದಲ್ಲಿ ಹಾಗೇ ಕೂತ. ಕಾಡು ಸದ್ದಿಲ್ಲದೆ ನಿಂತಿತ್ತು. ಈ ಹೊತ್ತಿಗೆ ದೇವಿ ಕೆಳಗೆಲ್ಲೋ ಒಂದೊಂದೇ ಮರ ಮುಟ್ಟಿಕೊಂಡು ಬರುತ್ತಿರಬಹುದು. ಬಂದು ತನ್ನನ್ನೂ ಮುಟ್ಟಿ ಎಣಿಸಿಬಿಡಲಿ ಎಂದು ಇಸಾವೊನಿಗೆ ನಿಜವಾಗಿಯೂ ಅನ್ನಿಸಿತು. ಮರವಾದರೆ ಬೆಳಿಗ್ಗೆ ಏಳಬೇಕಾಗಿಲ್ಲ. ಮಂಡಿಗೆ ಸಮಾಧಾನ ಹೇಳಬೇಕಾಗಿಲ್ಲ. ಯಾರ ಮುಂದೆಯೂ ತಲೆ ತಗ್ಗಿಸಿ ನನ್ನದು ತಪ್ಪಾಯಿತು ಎನ್ನಬೇಕಾಗಿಲ್ಲ. ತಪ್ಪೆಂದು ಒಪ್ಪಿಕೊಂಡರೆ ಪಟ್ಟಿ ಬಿಚ್ಚಬೇಕು, ಎರಡು ಸೇತುವೆ ಇಳಿಸಬೇಕು, ಕೆಳಗಿನ ಬುನಾ ಮರಗಳಿಗೆ ಹೊಸದಾಗಿ ಕಟ್ಟಬೇಕು. ಒಂದು ವರ್ಷದ ದಣಿವಿನ ಮೇಲೆ ಇನ್ನೊಂದು ವರ್ಷದ ದಣಿವನ್ನು ಹೊರಲು ಅವನಲ್ಲಿ ಜಾಗವೇ ಉಳಿದಿರಲಿಲ್ಲ.

ಇಷ್ಟು ವರ್ಷ ನಿಂತ ಮರ ಇನ್ನಷ್ಟು ವರ್ಷ ನಿಲ್ಲಬಾರದೇಕೆ? ಹೊರಗಿನ ಗಟ್ಟಿ ಮರವೇ ಒಂದು ಗೇಣು ಇದೆಯಲ್ಲ. ಹೀಗೆ ತನಗೆ ತಾನೇ ವಕೀಲಿಕೆ ಮಾಡಿಕೊಳ್ಳುತ್ತಾ ಅವನು ಜೇಬಿನಿಂದ ಚಾಕು ತೆಗೆದು, ಒಣಕೊಂಬೆಯೊಂದನ್ನು ಹೆರೆದು ಎರಡು ಬಿರಡೆ ಮಾಡಿದ. ತೂತುಗಳಿಗೆ ಬಡಿದು ಕೂರಿಸಿ, ಮೇಲೆ ತೊಗಟೆಯ ಪುಡಿ ಒತ್ತಿ ಹೆಬ್ಬೆರಳಿನಿಂದ ಸವರಿದ. ಕೆಲಸ ಅಚ್ಚುಕಟ್ಟಾಗಿತ್ತು. ಅವನ ಕೈಯಿಂದ ಅಚ್ಚುಕಟ್ಟಲ್ಲದ ಕೆಲಸ ಬರುತ್ತಲೇ ಇರಲಿಲ್ಲ.

ಆಗ ಕೆಳಗೆ ಹಿಮ ಕರಕರ ಎಂದಿತು.

"ಮೇಸ್ತ್ರಿ, ಅದು ನೀವೇನಾ? ಇಲ್ಲ ದೇವಿ ಆಗ್ಲೇ ನಿಮ್ಮನ್ನ ಕೊಂಬೆ ಮಾಡ್ಬಿಟ್ಲಾ?"

ನೊಬು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತಿದ್ದ.

"ನೀನ್ಯಾಕೋ ಬಂದೆ ಇವತ್ತು?"

"ಸುತ್ತಿಗೆ ಮರ್ತು ಹೋಗಿದ್ದೆ. ತಗೊಂಡ್ ಹೋಗಣ ಅಂತ."

ಸುತ್ತಿಗೆ ಅವನ ಸೊಂಟದಲ್ಲೇ ನೇತಾಡುತ್ತಿತ್ತು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ನೋಡದವರಂತೆ ಇದ್ದರು. ಹಾಗಿರುವುದರಲ್ಲಿ ಆ ಊರಿನವರನ್ನು ಮೀರಿಸಿದವರಿಲ್ಲ. ಸ್ವಲ್ಪ ಹೊತ್ತು ಕಾಲಿನಿಂದ ಹಿಮ ಕೆದಕಿ, ಆಮೇಲೆ ನೊಬು ಕೇಳಿದ.

"ಹೆಂಗಿದೆ ಮೇಸ್ತ್ರಿ, ಮರ?"

ಅಲ್ಲಿಯೇ ಹೇಳಿಬಿಡಬಹುದಿತ್ತು. ಜೊತೆಯಲ್ಲೇ ಮುದುಕನಾದ ಗೆಳೆಯ, ಸುತ್ತ ಬೇರೆ ಯಾರೂ ಇಲ್ಲ. ಆದರೆ ಇಸಾವೊನ ಬೆರಳು ತನ್ನಷ್ಟಕ್ಕೆ ಎದ್ದು ಪಟ್ಟಿಯ ಕಡೆ ತೋರಿಸಿತು. ಬಾಯಿಯೂ ಅದರ ಹಿಂದೆಯೇ ಹೋಯಿತು.

"ಸರಿ," ಎಂದ.

ಕೆಳಗಿನಿಂದ ನೊಬು ಬೆರಳೆತ್ತಿದ. ಅವನ ಮುಖದಲ್ಲಿ ಸಮಾಧಾನವಿತ್ತು, ಅದರ ಜೊತೆಗೆ ಇನ್ನೇನೋ ಬಾಡಿದಂತೆಯೂ ಇತ್ತು. "ಸರಿ," ಎಂದ ಅವನೂ.

ಮೂರನೆಯ ಸರಿ ಬರಲಿಲ್ಲ. ಬರಬೇಕಾದವನು ಅಲ್ಲಿ ಇಲ್ಲವಲ್ಲ ಎಂದು ಇಸಾವೊ ಅಂದುಕೊಳ್ಳುವಷ್ಟರಲ್ಲಿ ಎದುರಿನ ಮರದ ಅಟ್ಟಣೆಯಿಂದ ಯಾರೋ ಕೆಮ್ಮಿದರು. ಗಾಳಿ ತಡೆಯಲು ಅಲ್ಲಿ ನೀಲಿ ಟಾರ್ಪಾಲು ಕಟ್ಟಿದ್ದರು. ಅದು ಸರಿದು ಸೆಯಿಗೊ ಎದ್ದು ನಿಂತ. ಅವನ ಹೆಗಲ ಮೇಲೆ ಕೊಂಬೆಗಳಿಂದ ಉದುರಿದ ಹಿಮ ನೋಡಿದರೆ ಬಂದು ಬಹಳ ಹೊತ್ತಾಗಿರಬೇಕು. ಕೈಯಲ್ಲಿ ಕೊಡತಿಯಿತ್ತು. ಅವನೂ ಮರ ಬಡಿದು ನೋಡಲೆಂದೇ ಬಂದಿದ್ದ. ಮೇಸ್ತ್ರಿ ಬರುವುದು ಕಂಡು, ಮೇಸ್ತ್ರಿಗೆ ಮುಜುಗರವಾಗಬಾರದೆಂದು ಅಡಗಿ ಕೂತಿದ್ದ. ಬೈರಿಗೆ ಒಳಗೆ ಜಾರಿದ್ದನ್ನು ನೋಡಿದ್ದ. ಬಿರಡೆ ಹೆರೆದದ್ದನ್ನೂ ನೋಡಿದ್ದ. ಈಗ ಮೂರನೆಯ ಸರಿ ಹೇಳುವ ಸರದಿ ಅವನದು. ಅವನು ತನ್ನ ಬೆರಳನ್ನು ನೋಡಿಕೊಂಡ, ಅದನ್ನು ಎತ್ತಲಿಲ್ಲ.

ಇಸಾವೊನ ಮುಖ ಬಿಸಿಯಾಯಿತು. ಹಗ್ಗ ಸಡಿಲಿಸಿ ಇಳಿದ. ಆ ಕಡೆಯಿಂದ ಸೆಯಿಗೊನೂ ಇಳಿದ. ಮೂವರೂ ತೋಚಿಯ ಬುಡದಲ್ಲಿ, ಬೇರುಗಳ ಮೇಲೆ ಕೂತರು. ಏನಾದರೂ ಮಾಡಬೇಕಲ್ಲವೆಂದು ಇಸಾವೊ ಬುತ್ತಿ ಬಿಚ್ಚಿದ. ಒಟ್ಟು ಆರು ಅನ್ನದ ಉಂಡೆಗಳಿದ್ದವು, ಒಬ್ಬೊಬ್ಬನಿಗೆ ಎರಡರಂತೆ. ನೊಬುವಿಗೆ ಇಷ್ಟವೆಂದು ಎರಡರೊಳಗೆ ಉಪ್ಪಿನ ಹುಳಿಹಣ್ಣು. ಸೆಯಿಗೊನಿಗೆ ಅದು ಸೇರುವುದಿಲ್ಲವೆಂದು ಉಳಿದವಕ್ಕೆ ಅಕ್ರೋಟು ಬೆರೆಸಿದ ಮಿಸೊ ಚಟ್ನಿ. ಅವಳಿಗೆ ಎಲ್ಲ ಗೊತ್ತಿದೆ ಎಂದು ಇಸಾವೊನಿಗೆ ಆಗ ತಿಳಿಯಿತು.

ನೊಬು ತಿನ್ನುತ್ತಾ, ಈ ಸಲ ದೇವಿಯ ಲೆಕ್ಕದಲ್ಲಿ ಮೂರು ಮರ ಜಾಸ್ತಿ, ಅದರಲ್ಲೂ ಎರಡು ಹುಳು ಹಿಡಿದವು ಎಂದ. ಯಾರೂ ನಗಲಿಲ್ಲ. ನಾವು ಮನೆಗೆ ಹೋದರೂ ಇನ್ನು ಲೆಕ್ಕಕ್ಕೆ ಇಲ್ಲೇ ಇರುತ್ತೇವೆ ಎಂದು ಅವನು ಸೇರಿಸಿದ; ಆ ಮಾತಿಗೆ ಅವನಿಗೇ ನಗು ಬರಲಿಲ್ಲ. ಹಿಮ ಉದುರುತ್ತಿತ್ತು. ಅನ್ನ ತಣ್ಣಗಾಗಿತ್ತು.

ಸೆಯಿಗೊ ಎರಡನೆಯ ಉಂಡೆ ಮುಗಿಸಿ, ಬೆರಳಿಗೆ ಅಂಟಿದ ಅನ್ನವನ್ನು ಒಂದೊಂದಾಗಿ ಬಿಡಿಸಿ ತಿಂದ. ಆಮೇಲೆ, ಯಾರನ್ನೂ ನೋಡದೆ ಹೇಳಿದ.

"ಮೇ ತಿಂಗ್ಳಲ್ಲಿ ಮೊದ್ಲು ನಡಿಯೋದು ಶಾಲೆ ಮಕ್ಳಂತೆ, ಮೇಸ್ತ್ರಿ. ನಮ್ ಹುಡುಗಿ ಆಗ್ಲೇ ಬೂಟು ತೆಗ್ದಿಟ್ಕೊಂಡಿದಾಳೆ."

ಅಷ್ಟೇ. ಇಡೀ ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಇಸಾವೊ ಬುತ್ತಿಯ ಬಟ್ಟೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಮೂವರೂ ಒಬ್ಬರ ಹಿಂದೊಬ್ಬರು ಕಾಡಿನಿಂದ ಇಳಿದು ಬಂದರು. ಮಂಡಿ ಒಂದೊಂದು ಹೆಜ್ಜೆಗೂ ಲೆಕ್ಕ ಒಪ್ಪಿಸುತ್ತಿತ್ತು.

ಮನೆಯಲ್ಲಿ ಹತ್ಸುಯೆ ಕಾವಿನ ಮೇಜಿನ ಒಳಗೆ ಕಾಲಿಟ್ಟುಕೊಂಡು ಪಕ್ಕದ ಒಲೆಯಲ್ಲಿ ತೋಚಿ ಮೋಚಿ ಸುಡುತ್ತಿದ್ದಳು. ದೇವಿಯ ಗೂಡಿನಲ್ಲಿ ವಿಕಾರ ಮೀನು ಬಾಯಿ ತೆರೆದುಕೊಂಡು ಕೂತಿತ್ತು. ಅವನು ಬೂಟು ಬಿಚ್ಚಿ, ಬಾಗಿಲ ಮೆಟ್ಟಿಲ ಮೇಲೆಯೇ ಕೂತು, ಹೆಂಡತಿಗೆ ಬೆನ್ನು ಹಾಕಿಕೊಂಡೇ ಹೇಳಿದ.

"ನಿನ್ ಮರ ಟೊಳ್ಳು ಕಣೇ."

"ಹೂಂ," ಎಂದಳು ಅವಳು.

ಮೋಚಿ ತಿರುಗಿಸಿ ಹಾಕಿ ನಿಧಾನವಾಗಿ ಹೇಳಿದಳು. ಅವಳು ಚಿಕ್ಕವಳಿದ್ದಾಗ ಆ ಕವಲಿನ ಕೆಳಗೆ ಒಂದು ಪೊಟರೆಯಿತ್ತು. ಕಾಯಿ ಆಯ್ದು ಕತ್ತಲಾಗುವ ಹೊತ್ತಿಗೆ ಅದರಿಂದ ಒಂದು ಹಾರುವ ಅಳಿಲು ತಲೆ ಹೊರಗೆ ಹಾಕಿ ಇವಳನ್ನು ನೋಡುತ್ತಿತ್ತು. ಅಜ್ಜಿ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದಳು, ಎಲ್ಲರ ಕೆಲಸವನ್ನೂ ಮೇಲೆ ಕೂತು ನೋಡುತ್ತಿತ್ತೆಂದು. ಆಮೇಲೆ ವರ್ಷವರ್ಷವೂ ತೊಗಟೆ ತುಟಿ ಕೂಡಿಸಿಕೊಂಡು ಬಂದು ಪೊಟರೆ ಮುಚ್ಚಿಹೋಯಿತು. ಹೊರಗೆ ಮುಚ್ಚಿತೆಂದು ಒಳಗೆ ತುಂಬಿಕೊಳ್ಳುತ್ತದೆಯೇ?

ಇಸಾವೊ ತಿರುಗಿ ಕೂತ. ಅವನಿಗೆ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದ ಸಿಟ್ಟು. ಅದಕ್ಕೂ ದಣಿವೇ ಇತ್ತು.

"ಮತ್ತೆ ಮೊದ್ಲೇ ಹೇಳಕ್ ಏನಾಗಿತ್ತು ನಿಂಗೆ? ಅಷ್ಟು ದಿನ ಸುಮ್ನೆ ಕೂತಿದ್ಯಲ್ಲ?"

"ನೀವೆಲ್ಲಿ ಕೇಳಿದ್ರಿ? ಬಂದೋರೇ ನಿಲ್ಲಿಸ್ತೀನಿ ಅಂದ್ರಿ. ಮದ್ವೆ ಆದಾಗ್ಲೂ ನಿಮ್ ಮುಖ ಅಷ್ಟು ಅರಳಿರ್ಲಿಲ್ಲ. ಹೆಂಗ್ ಹೇಳಲಿ?" ಅವಳು ಮೋಚಿಯನ್ನು ತಟ್ಟೆಗೆ ಹಾಕಿದಳು. "ಮರದೋರು ನೀವು, ನೀವೇ ಕಂಡ್ಕೋತೀರಿ ಅಂತಿದ್ದೆ. ಆಮೇಲೆ ನಿಮಗ್ ನಿದ್ದೆ ಬರ್ದೇ ಇರೋದು ನೋಡ್ದೆ. ನೊಬು ಹೆಂಡ್ತಿನೂ ಹೇಳಿದ್ಲು, ನಮ್ಮನೆಯವ್ರು ನಿದ್ದೇಲಿ ತೋಚಿ ತೋಚಿ ಅಂತಾರೆ, ನಿಮ್ ಮೋಚಿ ಮೇಲೆ ಆಸೆನೋ ಏನೋ ಅಂತ. ಸೆಯಿಗೊನೂ ರಾತ್ರಿ ಎದ್ದು ಕೂರ್ತಾನಂತೆ. ಸರಿ, ಇವ್ರೇ ಬಾಯ್ಬಿಡ್ತಾರೆ ಅಂತ ಕಾಯ್ತಿದ್ದೆ."

"ಬಿಡ್ದೇ ಇದ್ದಿದ್ರೆ?"

ಹತ್ಸುಯೆ ತಟ್ಟೆಯನ್ನು ಅವನ ಕಡೆ ಸರಿಸಿದಳು.

"ಉದ್ಘಾಟನೆ ದಿನ ಬೆಳಿಗ್ಗೇನೇ ಹೋಗಿ, ಮಕ್ಳು ಬರೋಕ್ ಮುಂಚೆ ನಾನೇ ಹತ್ತಿ ನಿಲ್ತಿದ್ದೆ. ಹೇಗೂ ನಿಲ್ಲಿಸ್ತೀನಿ ಅಂದಿದ್ರಲ್ಲ. ನನ್ ತೂಕ ತಡೆದ್ರೆ ಮಕ್ಳ ತೂಕಾನೂ ತಡೀತದೆ."

ಅವಳು ಹಾಸ್ಯಕ್ಕೆ ಹೇಳುತ್ತಿರಬಹುದೆಂದು ಇಸಾವೊ ಅವಳ ಮುಖ ನೋಡಿದ. ಹಾಸ್ಯವಾಗಿರಲಿಲ್ಲ. ಅವಳು ವಸಂತದಿಂದ ಈ ಮಾತನ್ನು ಒಳಗಿಟ್ಟುಕೊಂಡು ಅವನಿಗೆ ಅನ್ನ ಬಡಿಸಿದ್ದಳು, ಭುಜಕ್ಕೆ ಎಣ್ಣೆ ತಿಕ್ಕಿದ್ದಳು. ಇಸಾವೊನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಬೆರಳಿನಲ್ಲಿ ಇನ್ನೂ ಅಣಬೆಯ ವಾಸನೆಯಿತ್ತು.

ಮಂಡಿಗೂ ಸೊಂಟಕ್ಕೂ ಏನೂ ಹೇಳದೆ ಅವನು ಎದ್ದು ಫೋನಿನ ಹತ್ತಿರ ಹೋದ. ಎಂಜಿನಿಯರ್ ಕುರೋದಾ ಮನೆಯಲ್ಲೇ ಇದ್ದಳು. ನಮಸ್ಕಾರ, ಕ್ಷೇಮಸಮಾಚಾರ, ಹಿಮದ ವಿಚಾರ, ಒಂದನ್ನೂ ಹೇಳದೆ ಅವನು ಹೇಳಬೇಕಾದ್ದನ್ನು ಹೇಳಿದ.

"ತೋಚಿ ಮರ ಒಳಗೆ ಟೊಳ್ಳು. ಸೆಪ್ಟೆಂಬರಲ್ಲೇ ನನಗೆ ಸದ್ದು ಗೊತ್ತಾಗಿತ್ತು. ಗೊತ್ತಿದ್ದೂ ಸರಿ ಅಂದೆ. ತಪ್ಪು ನನ್ನದು, ಜೊತೆಯವರದ್ದಲ್ಲ."

ಅವಳು ಯಾವಾಗ ಕೊರೆದು ನೋಡಿದಿರೆಂದು ಕೇಳಿದಳು. ಇವತ್ತು ಎಂದ. ಇವತ್ತು ಹೋಗಬಾರದಲ್ಲವೇ ಎಂದಳು. ಅವಳೂ ಆ ಬೆಟ್ಟದ ಸೀಮೆಯವಳೇ. ಹೋಗಬಾರದು ಎಂದ. ಬೈದುಬಿಡಲಿ, ನೀವು ಇನ್ನು ಬರಬೇಡಿ ಎಂದುಬಿಡಲಿ ಎಂದು ಅವನು ಕಾಯುತ್ತಿದ್ದ. ನಿಜ ಹೇಳಬೇಕೆಂದರೆ ಅವನೊಳಗಿನ ಒಂದು ಭಾಗ ಅದನ್ನೇ ಬೇಡಿಕೊಳ್ಳುತ್ತಿತ್ತು, ಹಾಗೆಂದರೆ ಮಲಗಬಹುದಲ್ಲ. ಉದ್ಘಾಟನೆ ಮುಂದಕ್ಕೆ ಹೋಗುತ್ತದೆ, ಮೇಲಿನವರಿಗೆ ನಾನೂ ಉತ್ತರ ಹೇಳಬೇಕಾಗುತ್ತದೆ, ನಿಮ್ಮ ಹೆಸರನ್ನೂ ಹೇಳಬೇಕಾಗುತ್ತದೆ ಎಂದಳು ಕುರೋದಾ. ಹೇಳಿ ಎಂದ ಇಸಾವೊ.

"ಕಂಪನಿಯವರ ಜೊತೆ ನಾನು ಮಾತಾಡ್ತೀನಿ. ನಾಳೆ ಬೆಳಿಗ್ಗೆ ಬನ್ನಿ," ಎಂದಳು ಕೊನೆಗೆ. "ಕಟ್ಟಿದೋರೇ ಬಿಚ್ಚಬೇಕಲ್ಲ, ಮೇಸ್ತ್ರಿ."

ಮರುದಿನ ಬಿಚ್ಚಲು ಶುರುಮಾಡಿದರು. ತಿಂಗಳುಗಟ್ಟಲೆ ಬಿಗಿದದ್ದು ಕೆಲವೇ ದಿನಗಳಲ್ಲಿ ಬಿಚ್ಚಿ ಕೆಳಗೆ ಬಿತ್ತು. ಅದನ್ನು ನೋಡುವುದು ಕಟ್ಟುವುದಕ್ಕಿಂತ ಹೆಚ್ಚು ಆಯಾಸ. ನೊಬು ಕೂಡ ಹೆಚ್ಚು ಮಾತಾಡಲಿಲ್ಲ. ಒಮ್ಮೆ ಮಾತ್ರ ಪಟ್ಟಿಯ ಬೋಲ್ಟು ತಿರುಗಿಸುತ್ತಾ, ನನಗೂ ಅಂದು ಕೇಳಿಸಿತ್ತು ಮೇಸ್ತ್ರಿ, ಎಂದ. ಗೊತ್ತು ಎಂದ ಇಸಾವೊ. ಬಿರಡೆಗಳನ್ನು ಅವನೇ ಕಿತ್ತು ಜೇಬಿಗೆ ಹಾಕಿಕೊಂಡ.

ಹಿಮ ದಾರಿ ಮುಚ್ಚುವುದಕ್ಕೆ ಒಂದು ವಾರ ಮುಂಚೆ ಕೆಳಗಿನ ಬುನಾ ಮರಗಳನ್ನು ನೋಡಿಡಬೇಕೆಂದು ಹೋದರು. ಮೊದಲನೆಯದು ನೆಟ್ಟಗೆ, ನುಣ್ಣಗೆ, ಕಣ್ಣಿಗೆ ಒಂದು ಕೊರತೆಯೂ ಕಾಣದ ಮರ. ಮೂವರೂ ಹತ್ತಿ ಹಗ್ಗದಲ್ಲಿ ಜೋತುಬಿದ್ದರು. ಇಸಾವೊ ಕೊಡತಿ ಎತ್ತಿ ಬಡಿದ. ಏಟು ಮೊಣಕೈವರೆಗೆ ತಿರುಗಿ ಬಂತು; ಅವನಿಗೆ ಅದು ಒಳ್ಳೆಯದೆಂದೇ ಅನ್ನಿಸಿತು. ನೊಬು ಅಭ್ಯಾಸದಂತೆ ಮೇಸ್ತ್ರಿಯ ಬಾಯಿ ನೋಡಿದ. ಆದರೆ ಇಸಾವೊ ಬೆರಳು ತೋರಿಸಲಿಲ್ಲ, ಸರಿ ಎನ್ನಲೂ ಇಲ್ಲ. ಎಲ್ಲರಿಗಿಂತ ಚಿಕ್ಕವನ ಕಡೆ ತಿರುಗಿದ.

"ಸೆಯಿಗೊ, ಮೊದ್ಲು ನೀನ್ ಹೇಳು."

ಸೆಯಿಗೊ ತಬ್ಬಿಬ್ಬಾದ. ನೊಬುವನ್ನು ನೋಡಿದ, ಅವನು ಯಾವತ್ತೂ ಇಲ್ಲದಂತೆ ಬಾಯಿ ಮುಚ್ಚಿಕೊಂಡಿದ್ದ. ಸೆಯಿಗೊ ಕೈಗವಸು ತೆಗೆದು, ತೊಗಟೆಯ ಮೇಲೆ ಬರಿಗೈ ಇಟ್ಟು, ಕಿವಿ ಹಚ್ಚಿ ಬಹಳ ಹೊತ್ತು ಇದ್ದ. ಗಾಳಿಗೆ ಮೂವರ ಹಗ್ಗವೂ ಮೆಲ್ಲಗೆ ಆಡುತ್ತಿತ್ತು. ಇಸಾವೊನ ಭುಜ ಸಿಡಿಯುತ್ತಿತ್ತು, ಕಾಲು ಜೋಮು ಹಿಡಿದಿತ್ತು, ಮನೆಯ ಕಾವಿನ ಮೇಜು ಕಣ್ಣ ಮುಂದೆ ಬರುತ್ತಿತ್ತು. ಅವನು ಕಾದ.

"ನಂಗ್ ಗೊತ್ತಾಗ್ಲಿಲ್ಲ ಮೇಸ್ತ್ರಿ," ಎಂದ ಸೆಯಿಗೊ ಕೊನೆಗೆ. "ಇನ್ನೊಂದ್ಸಲ ಬಡೀರಿ."

ಇಸಾವೊ ನೋಯುವ ಕೈಯಲ್ಲಿ ಕೊಡತಿ ಎತ್ತಿ ಇನ್ನೊಮ್ಮೆ ಬಡಿದ.